ಕ್ಷಮಾವಣಿಯ ಅವಲಕ್ಕಿ

ಕ್ಷಮಾವಣಿಯ ದಿನ ಜೈನರು ಮನೆಮನೆಗೆ ಹೋಗಿ ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುವುದು ವಾಡಿಕೆ. ನೇಮಣ್ಣ ಮಾಸ್ತರರು ಪಾಯಪ್ಪ ಪಂಡಿತರ ಹೊಸ್ತಿಲು ತುಳಿಯುತ್ತಿದ್ದದ್ದು ಆ ಒಂದು ದಿನ ಮಾತ್ರ. ವಯಸ್ಸಿನಲ್ಲಿ ಕಿರಿಯರಾದ್ದರಿಂದ ಅವರೇ ಹೋಗಬೇಕಿತ್ತು. ಕ್ಷಮೆ ಕೇಳಿ, ಹಚ್ಚಿದ ಅವಲಕ್ಕಿ ತಿಂದು, ಹೊತ್ತು ಮುಳುಗುವತನಕ ಹರಟಿ ಎದ್ದು ಬಂದರೆ ಮರುದಿನ ಮತ್ತೆ ಅದೇ ಜಗಳ.

ಜಗಳ ಹುಟ್ಟಿದ್ದೂ ಕ್ಷಮೆಯಿಂದಲೇ. ‘ಕ್ಷಮಿಸುತ್ತಾನೆ’ ಎನ್ನಲು ಪ್ರಾಕೃತದವರು ಒಂದು ಸೀಮೆಯಲ್ಲಿ ‘ಖಮಇ’ ಎಂದರು, ಇನ್ನೊಂದರಲ್ಲಿ ‘ಛಮಇ’ ಎಂದರು. ಮೊದಲು ಹುಟ್ಟಿದ್ದು ಖಮಇ ಎಂದು ಮಾಸ್ತರರು, ಅಲ್ಲ ಛಮಇ ಎಂದು ಪಂಡಿತರು. ತುಂಬಿದ ಸಭೆಗಳಲ್ಲಿ ಒಬ್ಬರನ್ನೊಬ್ಬರು ಹರಿದು ಮುಕ್ಕುತ್ತಿದ್ದರು.

ಈ ಸಲ ಮಾಸ್ತರರಿಗೆ ಹೊರಡಲು ಕಾಲೇ ಏಳಲಿಲ್ಲ. ‘ಛಮಇ’ ಎಂದಿದ್ದ ಬಹು ಹಳೆಯ ಪ್ರಾಕೃತ ಗಾಥೆಯೊಂದು ಕೈಗೆ ಸಿಕ್ಕು ಅವರ ವಾದವನ್ನೇ ಮಣ್ಣುಪಾಲು ಮಾಡಿತ್ತು.

ಪಂಡಿತರು ಅವಲಕ್ಕಿ ಹಚ್ಚಿಟ್ಟು ಬಾಗಿಲಲ್ಲೇ ಕಾಯುತ್ತಿದ್ದರು.

“ನಾ ಸೋತೆ, ಪಂಡಿತರ,” ಎಂದರು ಮಾಸ್ತರರು, ಚಪ್ಪಲಿಯನ್ನೂ ಬಿಡದೆ. “ನೀವು ಹೇಳಿದ್ದ ಖರೆ. ಛಮಇನ ಮೊದಲು. ಸಾಕ್ಷಿ ಸಿಕ್ಕೈತಿ. ಇನ್ನ ನಮ್ಮ ನಡುವ ಜಗಳಿಲ್ಲ.”

ಗೆದ್ದ ಪಂಡಿತರ ಮುಖ ಬಾಡಿತು. “ಯಾರಿಗರೆ ಹೇಳೀರೇನ್ರಿ?”

“ಇಲ್ಲ.”

“ಹೇಳಬ್ಯಾಡ್ರಿ.” ಪಂಡಿತರು ಅವರನ್ನು ಒಳಗೆ ಕರೆದು, ಬಾಗಿಲು ಮುಚ್ಚಿ, ಅವಲಕ್ಕಿಯ ತಟ್ಟೆಯನ್ನು ಅವರತ್ತ ಸರಿಸಿದರು. “ನಾಳಿಂದ ನಿಮ್ಮ ವಾದಾ ನಾ ಹಿಡೀತೀನಿ, ನನ್ನದು ನೀವು ಹಿಡೀರಿ. ಮುಂದಿನ ವರ್ಷ ಕ್ಷಮಾ ಕೇಳಾಕ ನಾನ ನಿಮ್ಮ ಮನಿಗೆ ಬರ್ತೀನಿ.”