ತಡವಾಗಿ ಬರುತ್ತಿದ್ದ ರೊಟ್ಟಿ

ಇದು ನನ್ನ ಗೆಳೆಯನ ಕಥೆ. ಗದಗಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾನೆ. ಹೆಸರು ಮಾತ್ರ ಬರೆಯಬೇಡ ಎಂದಿದ್ದಾನೆ... ಯಾಕೆ ಎಂಬುದು ಓದಿದ ಮೇಲೆ ನಿಮಗೇ ತಿಳಿಯುತ್ತದೆ.

ಅವನಿಗೆ ಎಂಟು ವರ್ಷದಿಂದ ಶುಗರ್. ಒಂದು ದಿನ ಅಂಗಡಿಯಲ್ಲಿ ತಾಮ್ರದ ಹಂಡೆ ಜಾರಿ ಎಡಗಾಲಿನ ಹೆಬ್ಬೆರಳ ಮೇಲೆ ಬಿತ್ತು. ಸಣ್ಣ ಗಾಯ... ಎರಡು ತಿಂಗಳಾದರೂ ಮಾಯಲಿಲ್ಲ.

ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು. "ಶುಗರ್ ಹಿಂಗ ಏರ್ಕೋಂತ ಹೋದ್ರ ಬೆರಳು ತಗೀಬೇಕಾಗತೈತಿ."

ಗೆಳೆಯ ಗುಳಿಗೆ ತಪ್ಪಿಸಿರಲಿಲ್ಲ. ಸಿಹಿ ಬಿಟ್ಟಿದ್ದ. ಆದರೂ ಯಾಕೆ ಏರುತ್ತಿದೆ?

ಅದನ್ನು ಪತ್ತೆ ಮಾಡಲು ಡಾಕ್ಟರ್ ಅವನನ್ನು ಹುಬ್ಬಳ್ಳಿಯ ಒಬ್ಬ ಡಯಟೀಶಿಯನ್ ಹತ್ತಿರ ಕಳಿಸಿದರು. ಆ ಹೆಣ್ಣುಮಗಳು ಅವನ ತೋಳಿಗೆ ನಾಣ್ಯದಷ್ಟು ಅಗಲದ ಸೆನ್ಸರ್ ಅಂಟಿಸಿದಳು. ಹದಿನಾಲ್ಕು ದಿನ ಅದು ಶುಗರ್ ಅಳೆಯುತ್ತಲೇ ಇರುತ್ತದೆ. ಫೋನಿನಲ್ಲಿ ಅದರ ಗೆರೆ ಕಾಣುತ್ತದೆ.

"ಒಬ್ಬರಿಗೆ ಒಗ್ಗೋ ಊಟ ಇನ್ನೊಬ್ಬರಿಗೆ ಒಗ್ಗೂದಿಲ್ಲ ಸರ್. ನಿಮ್ಮ ಮೈ ಏನಂತದ ನೋಡೋಣ. ಏನ್ ತಿಂದ್ರಿ, ಎಷ್ಟೊತ್ತಿಗೆ ತಿಂದ್ರಿ... ಎಲ್ಲಾ ಒಂದು ನೋಟ್‌ಬುಕ್ಕಿನ್ಯಾಗ ಬರೀರಿ," ಎಂದಳು.

ಹೇಳಿದ್ದೇ ತಡ, ನಮ್ಮ ಸಾಹುಕಾರ ಆ ನೋಟ್‌ಬುಕ್ಕಿನಲ್ಲಿ ಊಟಕ್ಕಿಂತ ಹೆಚ್ಚು ಸಿಟ್ಟನ್ನೇ ಬರೆದ!

ಕಾರಣ ಇತ್ತು. ಮಧ್ಯಾಹ್ನ ನಾವಿಬ್ಬರೂ ಊಟ ಮಾಡುವುದು ಬಜಾರಿನ ಹಿಂದಿರುವ ನೀಲಗಂಗವ್ವನ ಖಾನಾವಳಿಯಲ್ಲಿ. ಅಲ್ಲಿ ಎಲ್ಲರ ತಾಟಿಗೂ ಕೂತ ಕೂಡಲೇ ಬಿಸಿ ರೊಟ್ಟಿ ಬೀಳುತ್ತದೆ.

ಇವನ ತಾಟಿಗೆ ಮಾತ್ರ ಮೊದಲು ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಕಾಳುಪಲ್ಯ, ಮೊಸರು... ರೊಟ್ಟಿ ಬರುವುದಕ್ಕೆ ಇನ್ನೂ ಹದಿನೈದು ನಿಮಿಷ.

ಪಾಪ ಎಂದು ನನ್ನ ರೊಟ್ಟಿಯನ್ನು ಮುರಿದು ಕೊಡಲು ಹೋದರೆ, "ನಿಮ್ದು ನೀವ್ ಉಣ್ರಿ," ಎಂದು ಆಕೆ ನನಗೇ ಗದರುತ್ತಿದ್ದಳು.

"ಅವ್ವಾರ, ನಾ ಏನ್ ಪುಕ್ಕಟೆ ಉಣ್ಣಾಕ ಬಂದೇನೇನು?" ಎಂದು ಇವನು ಕೂಗುತ್ತಿದ್ದ.

"ಹಂಚು ಕಾಯವಲ್ದರಿ ಸಾವ್ಕಾರ... ಅಷ್ಟರಾಗ ಕಾಳ್ ಉಣ್ರಿ."

ಪಕ್ಕದವರಿಗೆ ಕಾಯುವ ಹಂಚು ಇವನಿಗೆ ಕಾಯುವುದಿಲ್ಲವೇ? ಹೊಟ್ಟೆಯಲ್ಲಿ ಹಸಿವು, ಕಣ್ಣೆದುರು ಬೇರೆಯವರ ರೊಟ್ಟಿ... ಗೊಣಗುತ್ತಲೇ ಸೊಪ್ಪು, ಕಾಳು ಎಲ್ಲ ಖಾಲಿ ಮಾಡುತ್ತಿದ್ದ. ಆದರೂ ಖಾನಾವಳಿ ಬದಲಿಸಲಿಲ್ಲ. ಆಕೆಯ ಕೈರುಚಿ ಅಂಥದ್ದು.

ಒಂದು ದಿನ ಎಲ್ಲರ ಎದುರಿಗೇ, "ಮಂದಿ ಮಾರಿ ನೋಡಿ ಬಡಸ್ತೀರಿ ನೀವು," ಅಂದುಬಿಟ್ಟ. ನಾನೂ ಹೌದೆಂದು ತಲೆಯಾಡಿಸಿದೆ. ನೀಲಗಂಗವ್ವ ಒಳಗೆ ಹೋದಳು.

ಹದಿನಾಲ್ಕು ದಿನ ಮುಗಿದವು. ಹುಬ್ಬಳ್ಳಿಗೆ ನಾನೂ ಜೊತೆಗೆ ಹೋದೆ.

ಡಯಟೀಶಿಯನ್ ಕಂಪ್ಯೂಟರಿನಲ್ಲಿ ಗೆರೆ ತೋರಿಸಿದಳು. ಬೆಳಿಗ್ಗೆ ಗುಡ್ಡ, ರಾತ್ರಿ ಗುಡ್ಡ... ಮಧ್ಯಾಹ್ನ ಮಾತ್ರ ಬಯಲು.

ಮನೆಯಲ್ಲೂ ಎರಡು ರೊಟ್ಟಿ, ಖಾನಾವಳಿಯಲ್ಲೂ ಎರಡು ರೊಟ್ಟಿ. ಹಾಗಾದರೆ ಈ ವ್ಯತ್ಯಾಸ ಯಾಕೆ?

ಒಂದೇ ಒಂದು ಮಧ್ಯಾಹ್ನ ಗೆರೆ ಜೋರಾಗಿ ಏರಿತ್ತು. ಆ ದಿನದ ಪುಟ ತೆಗೆದು ಆಕೆ ಓದಿದಳು. "ಇವತ್ತು ನೀಲಗಂಗವ್ವ ಮದುವೆಗೆ ಹೋಗಿದ್ದಾಳೆ. ಕೂತ ಕೂಡಲೇ ಬಿಸಿ ರೊಟ್ಟಿ ಸಿಕ್ಕಿತು. ದೇವರಿದ್ದಾನೆ!"

ಓದಿ ನಕ್ಕಳು. ಆಮೇಲೆ ಗಂಭೀರವಾದಳು...

"ಸರ್, ಸೊಪ್ಪು ಕಾಳು ಮೊದಲ ಹೋದ್ರ ನಿಮಗ ಶುಗರ್ ಸಾವಕಾಶ ಏರತದ. ಮನ್ಯಾಗ ನೀವು ಮೊದಲ ರೊಟ್ಟಿಗೇ ಕೈ ಹಾಕ್ತೀರಿ. ದಿನಕ್ಕ ಒಂದು ಹೊತ್ತು ಯಾರೋ ನಿಮ್ಮನ್ನ ಕಾಯ್ದಾರ. ಯಾರ್ ಸರ್ ಅವ್ರು?"

ಗೆಳೆಯ ನೋಟ್‌ಬುಕ್ ಎತ್ತಿಕೊಂಡು ಎದ್ದ. ಬಸ್ಸಿನಲ್ಲಿ ಗದಗಿನವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದ.

ನಾವು ಖಾನಾವಳಿಗೆ ಹೋದಾಗ ಊಟದ ಗದ್ದಲ ಮುಗಿದಿತ್ತು. ನೀಲಗಂಗವ್ವ ತಾಟು ತೊಳೆಯುತ್ತಿದ್ದಳು.

"ಅವ್ವಾರ... ಬೇಕಂತನ ನನಗ ರೊಟ್ಟಿ ತಡಾ ಮಾಡ್ತಿದ್ರೇನು?"

ಆಕೆ ಸೆರಗಿಗೆ ಕೈ ಒರೆಸಿಕೊಂಡಳು.

"ಉಣ್ಣೂಕಿಂತ ಮೊದಲ ನೀವು ಗುಳಿಗಿ ನುಂಗೂದ ನೋಡಿದ್ನಿ. ಕಾಲಿಗೆ ಪಟ್ಟಿ ಕಟ್ಟಿದ್ದೂ ನೋಡಿದ್ನಿ. ನಮ್ಮ ಮನಿಯವ್ರಿಗೂ ಇದ ಶುಗರ್ ಇತ್ತರಿ. ಹಸಕೊಂಡ ಬಂದು ರೊಟ್ಟಿ ಮ್ಯಾಲ ರೊಟ್ಟಿ ಉಣ್ತಿದ್ರು. ಪ್ರೀತೀಲೆ ನಾನ ಹಾಕ್ತಿದ್ನಿ. ಕಾಲ್ ತಗದ ಮ್ಯಾಲ ದವಾಖಾನಿ ನರ್ಸಬಾಯಿ ಹೇಳಿದ್ಲು, ಸೊಪ್ಪು ಕಾಳು ಮೊದಲ ಕೊಡು, ರೊಟ್ಟಿ ಆಮ್ಯಾಲ ಅಂತ. ಅಷ್ಟೊತ್ತಿಗೆ ಕೈ ಮೀರಿತ್ತು... ಉಳೀಲಿಲ್ಲ ಅವ್ರು."

"ನನಗೊಂದ್ ಮಾತು ಹೇಳಬಾರದಿತ್ತೇನ್ರಿ? ಎಷ್ಟ್ ಬೈದೆ ನಿಮಗ..."

"ಹೇಳಿದ್ರ, ಈಕಿ ಯಾರು ನನಗ ಹೇಳಾಕ ಅಂತ ಬ್ಯಾರೆ ಖಾನಾವಳಿಗೆ ಹೋಗ್ತಿದ್ರಿ. ಬೈದ್ರ ಬೈಲಿ... ಇಲ್ಲೇ ಉಣ್ಲಿ ಅಂತ ಸುಮ್ಮನಾದ್ನಿ."

ಗಿರಾಕಿಗಳ ಎದುರು ಒಂದು ಚಮಚದ ಬೆಲೆಯಲ್ಲೂ ಸೋಲದ ಮನುಷ್ಯ... ಅಲ್ಲೇ ನಿಂತು ಮಗುವಿನ ಹಾಗೆ ಅತ್ತ. ಕಾಲಿಗೆ ಬೀಳಲು ಬಗ್ಗಿದಾಗ ಆಕೆ ಹಿಂದೆ ಸರಿದು, "ಏ ಬಿಡ್ರಿ, ಹಿರೇರು ನೀವು," ಎಂದಳು. ಅಂದು ತಲೆಯಾಡಿಸಿದ್ದ ನನಗೆ ಆಕೆಯ ಮುಖ ನೋಡುವ ಧೈರ್ಯ ಬರಲಿಲ್ಲ.

ಅಂದಿನಿಂದ ಮನೆಯಲ್ಲೂ ಊಟದ ಕ್ರಮ ಬದಲಾಯಿತು. ಡಾಕ್ಟರ್ ಹೇಳಿದ ಗುಳಿಗೆ, ಡ್ರೆಸ್ಸಿಂಗ್ ತಪ್ಪದೆ ನಡೆದವು. ಬೆಳಗಿನ ಗುಡ್ಡ, ರಾತ್ರಿಯ ಗುಡ್ಡ ನಿಧಾನವಾಗಿ ಇಳಿದವು.

ಮೂರೂವರೆ ತಿಂಗಳ ಮೇಲೆ ಡಾಕ್ಟರ್ ಪಟ್ಟಿ ಬಿಚ್ಚಿ ನೋಡಿ, "ಇನ್ನ ಪಟ್ಟಿ ಬ್ಯಾಡ್ರಿ, ಗಾಯ ಮಾದೈತಿ," ಎಂದರು. ಬೆರಳು ಉಳಿಯಿತು!

ಗೆಳೆಯ ಹೆಂಡತಿಯನ್ನು ಕರೆದುಕೊಂಡು ನೇರವಾಗಿ ಖಾನಾವಳಿಗೆ ಬಂದ. ಚಪ್ಪಲಿ ಬಿಟ್ಟು ನೀಲಗಂಗವ್ವನಿಗೆ ಬೆರಳು ತೋರಿಸಿದ.

ಆಕೆ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಳು. ಕಣ್ಣು ಒರೆಸಿಕೊಂಡು ಇಷ್ಟೇ ಹೇಳಿದಳು.

"ಒಬ್ಬರದಾದ್ರೂ ಉಳೀತಲ್ರಿ... ಸಾಕು ನನಗ."

*

ನಮ್ಮ ಒಳ್ಳೆಯದಕ್ಕಾಗಿ ನಮ್ಮಿಂದಲೇ ಬೈಸಿಕೊಂಡು ಸುಮ್ಮನಿರುವವರ ಋಣ ದೊಡ್ಡದು.

ನೀವು ದಿನಾ ಸಿಡುಕುವ ಮನುಷ್ಯರಲ್ಲಿ ನಿಮ್ಮನ್ನು ಕಾಯುತ್ತಿರುವವರು ಯಾರು...? ಇವತ್ತು ಅವರ ಮುಖವನ್ನು ಒಮ್ಮೆ ಸರಿಯಾಗಿ ನೋಡಿದಿರಾ?