ಹುಳುಮನೆಯಲ್ಲಿಟ್ಟ ಲೋಟ

ಮುನಿವೆಂಕಟಪ್ಪ ಸ್ಟೀಲ್ ಲೋಟಕ್ಕೆ ಅಂಚಿನ ತನಕ ನೀರು ತುಂಬಿ, ರೇಷ್ಮೆ ಹುಳುಮನೆಯ ನಡುವೆ ಸ್ಟೂಲಿನ ಮೇಲಿಟ್ಟು, ಚಾವಣಿಯ ಕಡೆ ಬೆರಳು ತೋರಿಸಿದರು. "ಈ ನೀರು ಒಂಚೂರು ಅಲ್ಲಾಡ್ತೋ, ನಿನ್ನ ಡ್ರಮ್ಮು ಇವತ್ತೇ ಗಂಟುಮೂಟೆ ಕಟ್ಬೇಕು. ಆಮೇಲೆ ಅಂಕಲ್ಲು ಗಿಂಕಲ್ಲು ಅನ್ನಬಾರದು."

"ಅಲ್ಲಾಡಲ್ಲ ಅಂಕಲ್," ಎಂದಳು ಮೇಲಿನ ಬಾಡಿಗೆ ಮನೆಯ ಕಲ್ಯಾಣಿ, ಬಾಗಿಲಾಚೆಯೇ ನಿಂತು. "ಎರಡು ಪ್ಲೈವುಡ್ ಹಲಗೆ ಮಧ್ಯೆ ಹಳೇ ಟೆನಿಸ್ ಬಾಲ್ ಕೂರಿಸಿದೀನಿ. ಅದರ ಕೆಳಗೆ ರಬ್ಬರ್ ಶೀಟು. ದೊಡ್ಡ ಡ್ರಮ್ಮಿನ ಹೊಟ್ಟೆಗೆ ಕಂಬಳಿ ತುರುಕಿದೀನಿ. ಅದುರೋದೆಲ್ಲ ಬಾಲಲ್ಲೇ ಇಂಗಿಹೋಗುತ್ತೆ. ಭಾನುವಾರ ಗೌರಿಬಿದನೂರಿನ ಆರ್ಕೆಸ್ಟ್ರಾದವರು ನನ್ನ ಕೈ ನೋಡ್ತಾರೆ. ಹುಡುಗೀರನ್ನ ಡ್ರಮ್ಸಿಗೆ ಕೂರಿಸಿದ್ದೇ ಇಲ್ವಂತೆ ಅವರು. ಇದೊಂದು ಸಲ ತಪ್ಪಿದ್ರೆ ಮತ್ತೆ ಕರೆಯಲ್ಲ."

ಬೆರಳಿಗೆಲ್ಲ ಬ್ಯಾಂಡೇಜ್ ಸುತ್ತಿಕೊಂಡಿದ್ದ ಆ ಹುಡುಗಿಯನ್ನು ನೋಡಿ ಲಕ್ಷ್ಮೀನರಸಮ್ಮನಿಗೆ ಅಯ್ಯೋ ಅನ್ನಿಸಿತು. ಆದರೆ ಗಂಡನ ಮಾತಿಗೆ ಎದುರು ಹೇಳುವಂತಿರಲಿಲ್ಲ. ಶಿಡ್ಲಘಟ್ಟದ ಹಳೇ ಮನೆಯ ಮೇಲೆ ಅಂತಸ್ತು ಎಬ್ಬಿಸಿ, ಬಾಡಿಗೆಗೆ ಕೊಟ್ಟು, ಅಪಾರ್ಟ್‌ಮೆಂಟ್ ಎಂದು ಬೋರ್ಡು ತಗುಲಿಸಿದರೂ ಕೆಳಗಿನ ಹುಳುಮನೆಯನ್ನು ಅವರು ಬಿಟ್ಟಿರಲಿಲ್ಲ. ಈಗಂತೂ ಹುಳು ಹಣ್ಣಾಗಿ, ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟುವ ಹೊತ್ತು. ಹುಳು ಬೆಚ್ಚಿದರೆ ಗೂಡು ಅರ್ಧಕ್ಕೇ ನಿಲ್ಲುತ್ತದೆಂದು ಇಂಥ ಹೊತ್ತಲ್ಲಿ ಆ ಮನೆಯಲ್ಲಿ ಮಿಕ್ಸಿ ತಿರುಗುವಂತಿಲ್ಲ, ಗಟ್ಟಿಯಾಗಿ ಸೀನುವಂತಿಲ್ಲ, ಬೀಡಿ ಸೇದಿದವರು ಹೊಸ್ತಿಲು ದಾಟುವಂತಿಲ್ಲ. ಎಲ್ಲ ಅತ್ತೆ ಮಾಡಿಟ್ಟ ಕಟ್ಟಳೆ. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಕಟ್ಟಳೆ ಮಾತ್ರ ಗಟ್ಟಿಮುಟ್ಟಾಗಿತ್ತು.

ಕಲ್ಯಾಣಿ ಮೆಟ್ಟಿಲು ಹತ್ತಿದಳು. ಮುನಿವೆಂಕಟಪ್ಪ ಹೊರಗೆ ಹೋದವರು ಆತಂಕಕ್ಕೋ ಏನೋ ಬೀಡಿ ಹಚ್ಚೇಬಿಟ್ಟರು. ಇನ್ನು ಅವರು ಒಳಗೆ ಬರುವ ಹಾಗಿಲ್ಲ. "ಕಣ್ಣು ಮಿಟುಕಿಸದೆ ನೋಡೇ, ನೀರಿನ ಮೇಲೆ ಗ್ಯಾನ ಇರಲಿ," ಎಂದು ಅಲ್ಲಿಂದಲೇ ಕೂಗಿದರು.

ಮೇಲೆ ಶುರುವಾಯಿತು. ಮೊದಲು ದೂರದಲ್ಲಿ ಯಾರೋ ಸೊಪ್ಪು ಕೊಚ್ಚಿದ ಹಾಗೆ, ಆಮೇಲೆ ಜೋರಾಗಿ. ಮೊನ್ನೆ ಮೊನ್ನೆಯವರೆಗೆ ಗೋಡೆಯ ಗಡಿಯಾರವೇ ಕುಣಿಯುತ್ತಿತ್ತು, ಇವತ್ತು ಅದು ಸುಮ್ಮನಿತ್ತು. ಪರವಾಗಿಲ್ಲವೇ, ಬುದ್ಧಿವಂತೆ ಎಂದುಕೊಂಡು ಲಕ್ಷ್ಮೀನರಸಮ್ಮ ಲೋಟದ ಮೇಲೆ ಬಗ್ಗಿದರು. ಹಾಳಾದ್ದು! ನೀರಿನ ನಡುವೆ ಕೂದಲೆಳೆಯಷ್ಟು ಸಣ್ಣ ಉಂಗುರ. ಎದ್ದಿತು, ಅಂಚಿಗೆ ಹೋಯಿತು, ಮತ್ತೆ ಎದ್ದಿತು. ಪಾಪ, ಅಷ್ಟು ಒದ್ದಾಡಿದಳಲ್ಲ ಮಗು ಎಂದುಕೊಂಡರು.

ಗಾಬರಿಯಿಂದ ಚಂದ್ರಿಕೆಯ ಕಡೆ ತಿರುಗಿದರು. ಹುಳುಗಳಿಗೆ ಲೋಟದ ಗೊಡವೆಯೂ ಇರಲಿಲ್ಲ, ಡ್ರಮ್ಮಿನ ಗೊಡವೆಯೂ ಇರಲಿಲ್ಲ. ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ, ತಮ್ಮ ಪಾಡಿಗೆ ತಾವು ನೂಲು ಸುತ್ತಿಕೊಳ್ಳುತ್ತಿದ್ದವು. ಒಂದಾದರೂ ಬೆಚ್ಚಿ ನಿಲ್ಲಬೇಕಲ್ಲ! ಲಕ್ಷ್ಮೀನರಸಮ್ಮ ಒಂದೊಂದೇ ಚಂದ್ರಿಕೆಯ ಹತ್ತಿರ ಹೋಗಿ ನೋಡಿದರು. ಎಲ್ಲ ಕಡೆ ಅದೇ.

ಅವರಿಗೆ ತಮ್ಮ ಕಾಲು ನೆನಪಾಯಿತು. ಮದುವೆಗೆಂದು ಅಪ್ಪ ಚಿಂತಾಮಣಿಯಲ್ಲಿ ಮಾಡಿಸಿಕೊಟ್ಟ ಬೆಳ್ಳಿ ಗೆಜ್ಜೆ ಹಾಕಿಕೊಂಡು ಇದೇ ಬಾಗಿಲಲ್ಲಿ ಕಾಲಿಟ್ಟಾಗ ಅತ್ತೆ, "ಹುಳ ಬೆಚ್ಚುತ್ತವೆ, ಬಿಚ್ಚಿ ಕೊಡೇ," ಎಂದು ಕೈ ಚಾಚಿದ್ದರು. ಒಂದು ಬೆಳೆ ಮುಗಿಯಿತು, ಇನ್ನೊಂದು ಬಂತು. ಮತ್ತೆ ಹಾಕಿಕೊಳ್ಳಲು ಬಿಡುವೇ ಆಗಲಿಲ್ಲ. ಬರಿಗಾಲಲ್ಲಿ, ಕಳ್ಳಿಯ ಹಾಗೆ, ತಮ್ಮದೇ ಮನೆಯಲ್ಲಿ ಇಷ್ಟು ಕಾಲ ಓಡಾಡಿದ್ದಾಯಿತು. ಅವರಿಗೆ ಅಳುವೂ ಬಂತು, ರೋಷವೂ ಬಂತು.

"ಏನಾಯ್ತೇ? ಅಲ್ಲಾಡ್ತಾ ನೀರು?" ಹೊಸ್ತಿಲಾಚೆಯಿಂದ ಮುನಿವೆಂಕಟಪ್ಪ ಕತ್ತು ಚಾಚಿದರು.

ಲಕ್ಷ್ಮೀನರಸಮ್ಮ ಲೋಟ ಎತ್ತಿ ಗಟಗಟ ಕುಡಿದು, ಬೋರಲು ಹಾಕಿದರು.

"ಅಯ್ಯೋ ದೇವುಡಾ! ನೀರೆಲ್ಲೇ?"

"ಬಾಯಾರಿಕೆ ಆಗಿತ್ತು, ಕುಡಿದೆ. ಅದಿರ್ಲಿ, ನಿಮ್ಮಮ್ಮ ನನ್ನ ಗೆಜ್ಜೆ ಎಲ್ಲಿ ಮಡಗಿದ್ರು, ಮೊದ್ಲು ಅದು ಹೇಳಿ."