ಅಲುಗಾಡುವ ಚಪ್ಪಡಿ

“ಅಜ್ಜಾ, ಕಾಲು ತೆಗೀರಿ. ನಗರಸಭೆಯವರು ಓಣೀನೆಲ್ಲಾ ಹೊಸದಾಗಿ ಕಟ್ಟಿಸ್ತಿದ್ದಾರೆ, ಈ ಚಪ್ಪಡಿ ಕೀಳ್ಬೇಕು,” ಎಂದ ಮೇಸ್ತ್ರಿ, ಹಾರೆ ಹಿಡಿದು.

ಗಡಿಯಾರ ರಿಪೇರಿಯ ಮುದುಕ ತನ್ನ ಅಂಗಡಿ ಮುಂದಿನ ಅಲುಗಾಡುವ ಚಪ್ಪಡಿಯ ಮೂಲೆಯನ್ನು ಎಡಗಾಲಲ್ಲಿ ಅದುಮಿ ನಿಂತಿದ್ದ. ದಿನಾ ಮಧ್ಯಾಹ್ನ ಒಂದಕ್ಕೆ ಹೆಂಡತಿ ಊಟದ ಡಬ್ಬಿ ಹಿಡಿದು ತಿರುವಿನಲ್ಲಿ ಕಂಡ ಕೂಡಲೇ, ಅವಳು ಮುಗ್ಗರಿಸದಿರಲೆಂದು ಅಂಗಡಿಯಿಂದಿಳಿದು ಹೀಗೇ ನಿಲ್ಲುತ್ತಿದ್ದ. ಓಣಿ ಸರಿಮಾಡಿಸಿ ಎಂದು ಅವನು ಅರ್ಜಿ ಬರೆದಾಗಲೆಲ್ಲ ಅವಳು ನಗುತ್ತಿದ್ದಳು: “ಇದು ಸರಿಹೋದ್ರೆ ನೀವು ನನಗೋಸ್ಕರ ಏಳೋದೂ ಬಿಟ್ಬಿಡ್ತೀರಿ.”

ಅವಳು ತೀರಿಕೊಂಡು ವರ್ಷವಾಗಿತ್ತು. ಈಗ ಗಂಟೆ ಒಂದಾಗಿತ್ತು; ಮುದುಕ ತಿರುವನ್ನೇ ನೋಡುತ್ತಿದ್ದ. ಮೇಸ್ತ್ರಿ ಹಾರೆ ಕೆಳಗಿಟ್ಟು ಕೇಳಿದ, “ಯಾರಾದ್ರೂ ಬರೋರಿದ್ದಾರಾ?”

“ಇಲ್ಲಪ್ಪಾ, ಯಾರೂ ಇಲ್ಲ,” ಎಂದು ಮುದುಕ ಕಾಲೆತ್ತಿದ. ಚಪ್ಪಡಿ ಟಕ್ಕೆಂದು ವಾಲಿತು.